ಇಂಜೆಕ್ಷನ್ ಬಾಟ್ಲಿ, ಖಾಲಿ ರೀಫಿಲ್, ಒಂದು ಥರ್ಮಾಮೀಟರ್: ಎರಡು ತಿಂಗಳ ಲಾಗ್

ಶುರು ಆಗಿದ್ದು ಮಗಳಿಂದ, ಆರನೇ ಕ್ಲಾಸು ಅವಳು. ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ತಗೊಂಡು ನನ್ನ ಕಾಫಿ ಲೋಟಕ್ಕೆ ಅದ್ದಿದ್ಲು. ಅದು ಪೀಂ ಪೀಂ ಅಂತ ಕೂಗಿ ಬರೀ 'ಎಚ್' ಅಂತ ತೋರಿಸ್ತು, ಫ್ರಿಜ್ಜಿನ ನೀರಿಗೆ ಹಾಕಿದ್ರೆ 'ಎಲ್'. "ಅಪ್ಪ, ಇದಕ್ಕೆ ಕಾಫಿ ಎಷ್ಟು ಬಿಸಿ ಅಂತ ಗೊತ್ತೇ ಇಲ್ವಾ?" ಡಬ್ಬಿ ತಿರುಗಿಸಿ ನೋಡಿದ್ರೆ ಅದ್ರ ಲೆಕ್ಕ 90ರಿಂದ 109.9 ಫ್ಯಾರನ್‌ಹೀಟ್ ಅಷ್ಟೇ, ಅದ್ರಾಚೆ ಅದಕ್ಕೆ ಪ್ರಪಂಚನೇ ಇಲ್ಲ. ಕಾಫಿ ನೋಡೋ ಥರದ್ದು ನಾವೇ ಮಾಡಣ ಬಿಡು, ಒಂದು ಭಾನುವಾರದ ಕೆಲ್ಸ ಅಂದ್ಬಿಟ್ಟೆ. ನಂದು ಚಿಕ್ಕಮಗಳೂರಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ, ಕೈಯಲ್ಲಿ ಟೂಲ್ಸ್ ಇದೆ ಅನ್ನೋ ಧೈರ್ಯ. ಭಾನುವಾರಗಳು ಎಷ್ಟಾದ್ವು ಅಂತ ಕೆಳಗೆ ನೋಡಿ.

ತಂಡ: ನಾನು, ಮಗಳು, ತಮ್ಮನ ಮಗ (ಮೂರನೇ ಕ್ಲಾಸು, ಮನೇಲಿ ಪುಟ್ಟ ಅಂತ ಕರೆಯೋದು), ಟೀಕೆ ಮಾಡಕ್ಕೆ ನಮ್ಮಮ್ಮ.

ಅಕ್ಟೋಬರ್ 5, ಭಾನುವಾರ: ಮೂರು ಪಾತ್ರೆ

ಏನೂ ಕಟ್ಟೋಕೆ ಮುಂಚೆ ಇದೊಂದು ಮಾಡಿಸ್ದೆ. ಮೂರು ಪಾತ್ರೆ, ಒಂದ್ರಲ್ಲಿ ಐಸ್ ಹಾಕಿದ ನೀರು, ಒಂದ್ರಲ್ಲಿ ಕೈ ತಡೆಯೋಷ್ಟು ಬಿಸಿ, ಮಧ್ಯದಲ್ಲಿ ನಲ್ಲಿ ನೀರು. ಪುಟ್ಟ ಐಸ್ ನೀರಲ್ಲಿ ಕೈ ಇಟ್ಕೊಂಡ, ಮಗಳು ಬಿಸಿನೀರಲ್ಲಿ, ಒಂದು ನಿಮಿಷ ಬಿಟ್ಟು ಇಬ್ರೂ ಒಟ್ಟಿಗೆ ಮಧ್ಯದ್ದಕ್ಕೆ. ಇವನು ಬಿಸಿ ಅಂತಾನೆ, ಅವಳು ತಣ್ಣಗಿದೆ ಅಂತಾಳೆ, ಜಗಳ. ಆಮೇಲೆ ಒಬ್ಬೊಬ್ರೇ ಎರಡೂ ಕೈ ಬೇರೆಬೇರೆ ಪಾತ್ರೇಲಿಟ್ಟು ಮಾಡಿದ್ರು, ಒಂದೇ ನೀರು ಎಡಗೈಗೆ ಬಿಸಿ, ಬಲಗೈಗೆ ತಣ್ಣಗೆ. ಖರ್ಚು ಸೊನ್ನೆ, ಇಡೀ ಪ್ರಾಜೆಕ್ಟಲ್ಲಿ ಮೊದಲನೇ ಸಲಕ್ಕೇ ಸರಿಯಾಗಿ ಆಗಿದ್ದು ಇದೊಂದೇ.

ಅದೇ ದಿನ ಮಧ್ಯಾಹ್ನ: ಪ್ಲಾಸ್ಟಿಕ್ ಬಾಟ್ಲಿ, ಫೇಲ್

ಅರ್ಧ ಲೀಟರ್ ನೀರಿನ ಬಾಟ್ಲಿ, ಮುಚ್ಚಳಕ್ಕೆ ತೂತು, ಜ್ಯೂಸ್ ಸ್ಟ್ರಾ, ಸುತ್ತ ಎಂಸೀಲ್. ಬಣ್ಣದ ನೀರು ಗಂಟಲ ತನಕ ತುಂಬಿದೀವಿ. ಮೊದಲ ತಪ್ಪು, ಮುಚ್ಚಳ ಒದ್ದೆ ಇದ್ದಾಗಲೇ ಎಂಸೀಲ್ ಮೆತ್ತಿದ್ದು, ಹಿಡೀಲೇ ಇಲ್ಲ, ಸುತ್ತ ಜಿನುಗ್ತಿತ್ತು. ಒರೆಸಿ ಒಣಗಿಸಿ ಮತ್ತೆ ಮೆತ್ತಿ ಎರಡು ಗಂಟೆ ಬಿಟ್ವಿ. ಪುಟ್ಟ ಬಾಟ್ಲಿ ಮುಟ್ಟಿದ್ರೆ ಸಾಕು ಸ್ಟ್ರಾದಲ್ಲಿ ನೀರು ಮೇಲೆ, ಬಿಟ್ರೆ ಕೆಳಗೆ. ಅವನಿಗೆ ಅದೇ ಥರ್ಮಾಮೀಟರ್, "ದೊಡ್ಡಪ್ಪ ನಂಗೆ ಜ್ವರ ಜಾಸ್ತಿ ಆಯ್ತು" ಅಂತ ಹಿಸುಕ್ತಾ ಕೂತ. ಕೊನೆಗೆ ಒಲೆಯಿಂದ ಇಳಿಸಿದ ಬಿಸಿನೀರಲ್ಲಿ ಇಟ್ಟೆ ನೋಡಿ, ಬಾಟ್ಲಿನೇ ಮುದುಡ್ಕೊಂಡು ಕುಗ್ಗಿ ಸ್ಟ್ರಾದಿಂದ ಕೆಂಪು ನೀರು ಚಿಮ್ಮಿ ನೆಲಕ್ಕೆ. ಮಕ್ಕಳಿಗೆ ಖುಷಿಯೋ ಖುಷಿ. ಅದು ನೀರು ಹಿಗ್ಗಿದ್ದಲ್ಲ ಬಾಟ್ಲಿ ಕುಗ್ಗಿದ್ದು ಅಂತ ಅರ್ಥ ಮಾಡ್ಸೋಕೆ ಸಂಜೆ ಆಯ್ತು. ಪ್ಲಾಸ್ಟಿಕ್ ಬೇಡ್ವೇ ಬೇಡ, ಗಾಜು ಬೇಕು.

ಅಕ್ಟೋಬರ್ 11, ಶನಿವಾರ: ಅಂಗಡಿ ಥರ್ಮಾಮೀಟರ್, ಮತ್ತೆ ನನ್ನ ಮಾನ ಹೋಗಿದ್ದು

ನಮ್ಮದನ್ನ ಯಾವುದಕ್ಕೆ ಹೋಲಿಸೋದು ಅಂತ ಲ್ಯಾಬ್ ಥರ್ಮಾಮೀಟರ್ ಒಂದು ತಂದೆ, ಕೆಂಪು ಸ್ಪಿರಿಟ್ ಇರೋದು, ಮೈನಸ್ 10ರಿಂದ 110 ಸೆಲ್ಸಿಯಸ್, 130 ರೂಪಾಯಿ. ಪಾದರಸದ್ದು ಬೇಡ ಅಂತ ಮೊದಲೇ ಹೇಳಿದ್ದೆ, ಮಕ್ಕಳ ಕೈಗೆ ಸಿಕ್ಕಿ ಒಡೆದ್ರೆ ಆ ತಲೆನೋವು ಬೇರೆ.

ಮನೆಗೆ ಬಂದು ಮೊದಲು ಕುದಿಯೋ ನೀರಿಗೆ ಹಾಕಿದ್ವಿ, 100 ಬರಬೇಕಲ್ಲ, ಮಗಳ ಪುಸ್ತಕದಲ್ಲೂ ಹಂಗೇ ಇದೆ. 96ಕ್ಕೆ ನಿಂತ್ಬಿಡ್ತು. ನೀರು ಕೊತಕೊತ ಕುದೀತಿದೆ, ಉರಿ ಜೋರು ಮಾಡಿದ್ರೂ 96. ಡೂಪ್ಲಿಕೇಟ್ ಮಾಲು ಅಂತ ಬೈಕೊಂಡು ಅಂಗಡಿಗೆ ವಾಪಸ್ ಹೋದೆ, ಆ ಪುಣ್ಯಾತ್ಮ ಮಾತಾಡದೆ ಇನ್ನೊಂದು ಕೊಟ್ಟ. ಅದೂ 96. ಮೂರನೇದು ಕೇಳೋಕೆ ಹೊರಟಿದ್ದೆ, ಮಗಳು "ಎರಡೂ ಒಂದೇ ಸುಳ್ಳು ಹೇಳ್ತವಾ ಅಪ್ಪ?" ಅಂದ್ಲು.

ಆಗ ಹೊಳೀತು. ನಮ್ಮೂರು ಇರೋದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲೆ. 300 ಮೀಟರ್ ಹತ್ತಿದ್ರೆ ನೀರು ಕುದಿಯೋ ಡಿಗ್ರಿ ಹತ್ತತ್ರ ಒಂದು ಕಮ್ಮಿ ಆಗತ್ತೆ, ಲೆಕ್ಕ ಹಾಕಿದ್ರೆ ತೊಂಬತ್ತಾರೂವರೆ ಹತ್ರ. ಥರ್ಮಾಮೀಟರ್ ಸರಿ ಇತ್ತು, 100 ಅಂತ ಹಠ ಮಾಡಿದ್ದು ನಾನು. ಅಂಗಡಿಯವನಿಗೆ ಸೋಮವಾರ ಹೋಗಿ ಹೇಳ್ದೆ, ನಕ್ಕ ಅಷ್ಟೇ.

(ಇದ್ರ ಮುಂದುವರಿದ ಭಾಗ ಇಲ್ಲೇ ಬರೆದುಬಿಡ್ತೀನಿ. ದೀಪಾವಳಿ ಆದ್ಮೇಲೆ 23ನೇ ತಾರೀಕು ಅಕ್ಕನ ಮನೆಗೆ ಮಂಗಳೂರಿಗೆ ಹೋದ್ವಿ. ಥರ್ಮಾಮೀಟರ್‌ನ ಟವಲ್ಲಲ್ಲಿ ಸುತ್ತಿ ಚಾರ್ಮಾಡಿ ಘಾಟಿ ಪೂರ್ತಿ ಮಗಳ ತೊಡೆ ಮೇಲೆ. ಅಕ್ಕ "ಊಟಕ್ಕೆ ಬಂದಿದೀರೋ ನೀರು ಕುದಿಸಕ್ಕೆ ಬಂದಿದೀರೋ" ಅಂದ್ಲು. ಅದೇ ಥರ್ಮಾಮೀಟರ್, ತೊಂಬತ್ತೊಂಬತ್ತೂವರೆ. ಮಗಳು ಕುಣಿದಾಡಿಬಿಟ್ಲು.)

ಅಕ್ಟೋಬರ್ 12, ಭಾನುವಾರ: ಗಾಜಿನ ಬಾಟ್ಲಿ, ನೀರು

ಪರಿಚಯದ ಕಾಂಪೌಂಡರ್ ಹತ್ರ ಖಾಲಿ ಇಂಜೆಕ್ಷನ್ ಬಾಟ್ಲಿ ಇಸ್ಕೊಂಡೆ, 10 ಎಂಎಲ್‌ದು ನಾಲ್ಕು, 2 ಎಂಎಲ್‌ದು ಆರು. ಅಲ್ಯೂಮಿನಿಯಂ ಸೀಲನ್ನ ನಾನೇ ಪಕ್ಕಡ್‌ನಲ್ಲಿ ಬಿಚ್ಚಿದ್ದು, ಅದ್ರ ಅಂಚು ಬ್ಲೇಡ್ ಇದ್ದಂಗೆ, ಮಕ್ಕಳಿಗೆ ಕೊಡಬೇಡಿ. ಸೋಪು ಹಾಕಿ ತೊಳೆದು ನೀರಲ್ಲಿ ಕುದಿಸಿದೀವಿ. ಈ ಬಾಟ್ಲಿಯ ರಬ್ಬರ್ ಬೂಚೇ ನಮ್ಮ ಆಸ್ತಿ. ದಬ್ಬಣ ಕಾಯಿಸಿ ಮಧ್ಯ ತೂತು, ಅದಕ್ಕೆ ಖಾಲಿಯಾದ ಬಾಲ್ ಪೆನ್ ರೀಫಿಲ್, ನಿಬ್ಬು ಕಿತ್ತು ತುದೀನ ಓರೆಯಾಗಿ ಕತ್ತರಿಸಿದ್ರೆ ಸಲೀಸಾಗಿ ತೂರತ್ತೆ. ಮೊದಲನೇ ಬೂಚಿಗೆ ತೂತು ದೊಡ್ಡದಾಗಿ ಲೀಕ್ ಆಯ್ತು, ಬಿಸಾಕಿದೀವಿ. ತೂತು ರೀಫಿಲ್‌ಗಿಂತ ಸಣ್ಣಕ್ಕಿರಬೇಕು, ತಿರುಗಿಸ್ತಾ ತಿರುಗಿಸ್ತಾ ಒತ್ತಬೇಕು, ಆಮೇಲೆ ಬುಡಕ್ಕೆ ಒಂದು ತೊಟ್ಟು ಫೆವಿಕ್ವಿಕ್.

ತುಂಬಿಸೋದು ಸಿರಿಂಜಲ್ಲಿ, ಕಂಠಪೂರ್ತಿ. ಒಂದು ಸಾಸಿವೆಕಾಳಿನಷ್ಟು ಗಾಳಿ ಒಳಗೆ ಉಳಿದ್ರೂ ಕೆಟ್ಟಂಗೆ, ಆ ಗಾಳಿ ನೀರಿಗಿಂತ ಎಷ್ಟೋ ಜಾಸ್ತಿ ಹಿಗ್ಗಿ ಲೆಕ್ಕನೆಲ್ಲ ಹಾಳು ಮಾಡತ್ತೆ.

ಬಿಸಿನೀರಲ್ಲಿ ಇಟ್ವಿ. ಪುಟ್ಟ ಮೂಗು ತಾಗೋಷ್ಟು ಹತ್ರ ಕೂತು ನೋಡ್ತಿದ್ದ, "ದೊಡ್ಡಪ್ಪ ಕೆಳಗೆ ಹೋಯ್ತು!" ಅಂದ. ಸುಮ್ನಿರೋ ಬಿಸಿಗೆ ಮೇಲೆ ಹೋಗೋದು ಅಂದೆ. ಅವನು ಬಿಡ್ಲಿಲ್ಲ, ಇನ್ನೊಂದ್ಸಲ ಇಡಿಸ್ದ. ಹೌದು, ಅದ್ದಿದ ತಕ್ಷಣ ಒಂದು ಕೂದಲೆಳೆಯಷ್ಟು ಕೆಳಗೆ ಇಳೀತದೆ, ಒಂದೆರಡು ಸೆಕೆಂಡು, ಆಮೇಲೆ ಏರೋಕೆ ಶುರು. ಬಿಸಿ ಮೊದಲು ತಾಗೋದು ಗಾಜಿಗೆ, ಗಾಜು ಮೊದಲು ಹಿಗ್ಗಿ ಜಾಗ ಮಾಡ್ಕೊಡತ್ತೆ, ನೀರಿಗೆ ಆಮೇಲೆ ತಾಗತ್ತೆ. ಮೂರನೇ ಕ್ಲಾಸಿನ ಹುಡುಗನ ಕಣ್ಣಿಗೆ ಬಿದ್ದಿದ್ದು ನನಗೆ ಬಿದ್ದಿರಲಿಲ್ಲ, ಮೇಲಾಗಿ ಗದರಿಸಿದ್ದೆ ಬೇರೆ.

ಈಗ ಸ್ಕೇಲು. ಐಸಲ್ಲಿ ಒಂದು ಗುರುತು, 50ರ ನೀರಲ್ಲಿ ಒಂದು ಗುರುತು, ಮಧ್ಯ ಐದು ಸಮಭಾಗ ಮಾಡಿದ್ರೆ ಮುಗೀತು ಅಂದ್ಕೊಂಡಿದ್ದೆ. ಅನುಮಾನ ಬಂದು ಲ್ಯಾಬ್ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹತ್ತತ್ತಕ್ಕೆ ಅಳೆದ್ವಿ. ಐಸಿನ ಗುರುತಿನಿಂದ ಎಷ್ಟು ಮಿಲಿಮೀಟರ್ ಮೇಲೆ ಅಂತ ಮಗಳ ನೋಟ್‌ಬುಕ್ಕಲ್ಲಿ ಇರೋದು ಹಿಂಗೆ:

10 ಡಿಗ್ರಿ: 0 (ಅಲ್ಲಾಡಲೇ ಇಲ್ಲ, ಸ್ವಲ್ಪ ಕೆಳಗೇ ಇತ್ತೇನೋ)
20 ಡಿಗ್ರಿ: 7
30 ಡಿಗ್ರಿ: 22
40 ಡಿಗ್ರಿ: 41
50 ಡಿಗ್ರಿ: 65

ಸೊನ್ನೆಗೂ ಹತ್ತಕ್ಕೂ ಒಂದೇ ಜಾಗ! ನೀರು 4 ಡಿಗ್ರಿ ತನಕ ಕಾಯಿಸಿದ್ರೆ ಕುಗ್ಗತ್ತೆ, ಅಲ್ಲಿಂದಾಚೆ ಹಿಗ್ಗತ್ತೆ, ಅದೂ ಮೇಲೆ ಹೋದಂಗೆ ಜಾಸ್ತಿ ಜಾಸ್ತಿ. ನೀರಿನ ಥರ್ಮಾಮೀಟರ್ ಮಾಡಿ ಅಂತ ಹೇಳೋ ವಿಡಿಯೋಗಳಲ್ಲಿ ಯಾರೂ ಇದನ್ನ ಹೇಳಿದ್ದು ನಾನಂತೂ ನೋಡಿಲ್ಲ, ಸಮಭಾಗ ಮಾಡಿ ಅಂತಾರೆ ಮುಂದಕ್ಕೆ ಹೋಗ್ತಾರೆ. ಡಿಸೆಂಬರ್ ಚಳಿ ಅಳೆಯೋಕೆ ಹೊರಟೋರಿಗೆ ಇದು ಉಪಯೋಗಕ್ಕಿಲ್ಲ.

ಅಕ್ಟೋಬರ್ 19, ಭಾನುವಾರ: ಸ್ಪಿರಿಟ್

ಮೆಡಿಕಲ್ ಶಾಪಿಂದ ಸರ್ಜಿಕಲ್ ಸ್ಪಿರಿಟ್, 100 ಎಂಎಲ್ 45 ರೂಪಾಯಿ. ಇದು ಬೆಂಕಿ ಹತ್ಕೊಳ್ಳೋ ವಸ್ತು, ಗ್ಯಾಸ್ ಒಲೆ, ದೀಪ, ಊದಿನಕಡ್ಡಿ ಯಾವುದೂ ಹತ್ರ ಸುಳಿಯಂಗಿಲ್ಲ. ನಾನು ಬಿಸಿನೀರನ್ನ ಅಡುಗೆಮನೇಲಿ ಕಾಯಿಸಿ ಬಕೆಟ್ಟಲ್ಲಿ ಹಿತ್ತಲಿಗೆ ತಂದು ಕೆಲಸ ಮಾಡಿದ್ದು. ಕುದಿಯೋ ನೀರಿಗಂತೂ ಇಡಲೇಬೇಡಿ, ಸ್ಪಿರಿಟ್ ಅದಕ್ಕಿಂತ ಎಷ್ಟೋ ಮುಂಚೆನೇ, 80ರ ಆಸುಪಾಸಲ್ಲಿ, ಕುದಿಯತ್ತೆ.

ಬಣ್ಣಕ್ಕೆ ಒದ್ದಾಡಿದೀವಿ. ಕುಂಕುಮ ಕರಗದೆ ತಳಕ್ಕೆ ಕೂತ್ಕೊಳ್ತು. ಅರಿಶಿನ ಚೆನ್ನಾಗಿ ಕರಗತ್ತೆ ಆದ್ರೆ ಹಳದಿ ರೀಫಿಲ್ಲಲ್ಲಿ ಕಾಣಲ್ಲ. ನಮ್ಮಮ್ಮ ಎಲೆಡಿಕೆ ಸುಣ್ಣ ಒಂದು ಚೂರು ತಂದು ಕದಡಿದ್ರು, ಆರತಿ ನೀರಿನ ಥರ ಕೆಂಪಗಾಯ್ತು, ಬಟ್ಟೇಲಿ ಸೋಸಿ ಎತ್ತಿಟ್ವಿ, ಎರಡು ದಿನಕ್ಕೆ ಬಣ್ಣ ಮಾಸಿ ಕೊಳೆನೀರು. ಕೊನೆಗೆ ಪರಿಹಾರ ತಾನಾಗೇ ಬಂತು. ಹಳೇ ರೀಫಿಲ್ ಒಳಗೆ ಉಳಿದ ಇಂಕು ತೊಳೆಯೋಕೆ ಸ್ಪಿರಿಟ್ ಹಾಯಿಸಿದ್ರೆ ಕಡುನೀಲಿ ಇಳೀತು. ಅದೇ ಬಣ್ಣ! ಬಾಲ್ ಪೆನ್ ಇಂಕು ಸ್ಪಿರಿಟ್‌ಗೆ ಕರಗತ್ತೆ ಅಂತ ಶರ್ಟಿನ ಕಲೆ ತೆಗೆಯುವಾಗೆಲ್ಲ ನೋಡಿದೀನಿ, ತಲೆಗೆ ಬಂದಿರಲಿಲ್ಲ.

ಅದೇ 10 ಎಂಎಲ್ ಬಾಟ್ಲಿಗೆ ತುಂಬಿ ಮಗಳ ಕೈಗೆ ಕೊಟ್ಟೆ. ಹಿಡ್ಕೊಂಡಿದ್ದಷ್ಟಕ್ಕೇ ಸರಸರ ಅಂತ ಆರು ಸೆಂಟಿಮೀಟರ್ ಏರ್ತು. ಖುಷಿಗೆ ಬಿಸಿನೀರಿಗೆ ಅದ್ದಿದೆ, ರೀಫಿಲ್ ತುದಿ ದಾಟಿ ಹೊರಗೆ, ನನ್ನ ಬಿಳೀ ಶರ್ಟು ಹೋಯ್ತು. ಸ್ಪಿರಿಟ್ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗತ್ತೆ, ಅದಕ್ಕೆ ಬಾಟ್ಲಿ ಸಣ್ಣದಿರಬೇಕು. ಅದಕ್ಕೇ ಆ 2 ಎಂಎಲ್ ಬಾಟ್ಲಿ.

ಅಕ್ಟೋಬರ್ 20: ಅಜ್ಜಿ ಹದ

ಕೆಲಸ ಏನೂ ಇಲ್ಲ, ಆದ್ರೂ ಬರೀಬೇಕು. ಹಿಂದಿನ ಸಂಜೆ ನೀರು ತುಂಬೋ ಹಬ್ಬ, ಬೆಳಿಗ್ಗೆ ಎಣ್ಣೆಸ್ನಾನ. ಹಂಡೆ ನೀರು 68 ಡಿಗ್ರಿ. ನಮ್ಮಮ್ಮ ಬಕೆಟ್ಟಿಗೆ ತೋಡಿ ತಣ್ಣೀರು ಬೆರೆಸಿ ಮೊಣಕೈ ಅದ್ದಿ "ಹದ ಆಯ್ತು, ಬಾ" ಅನ್ನೋರು, ಮಗಳು ಪ್ರತಿ ಬಕೆಟ್ಟಿಗೂ ಲ್ಯಾಬ್ ಥರ್ಮಾಮೀಟರ್ ಹಾಕಿದ್ಲು. 41, 42, 41, 41. ಮೂರು ಪಾತ್ರೆ ಆಟ ಆಡಿಸಿ ಕೈನ ನಂಬಬೇಡಿ ಅಂತ ಪಾಠ ಮಾಡಿದ್ದ ನಾನು ಟವಲ್ ಉಟ್ಕೊಂಡು ಸುಮ್ನೆ ನಿಂತಿದ್ದೆ. ಮಗಳು ಕೇಳಿದ್ದಕ್ಕೆ ಅಮ್ಮ "ಬೆರಳು ಒಲೆ ಹತ್ರ ಕಾದಿರತ್ತೆ ಕಣೇ, ಮೊಣಕೈ ಎಲ್ಲೂ ಹೋಗಿರಲ್ಲ" ಅಂದ್ರು. ಸರಿಯಾದ ಮಾತು.

ನವೆಂಬರ್ 2, ಭಾನುವಾರ: ಸಣ್ಣ ಬಾಟ್ಲಿ

2 ಎಂಎಲ್ ಬಾಟ್ಲಿ ಅಂದ್ರೂ ಬಾಯಿ ತನಕ ತುಂಬಿದ್ರೆ 3 ಎಂಎಲ್ ಹಿಡಿಯತ್ತೆ. ಬೂಚು ಒತ್ತಿದಷ್ಟೂ ಸ್ಪಿರಿಟ್ ರೀಫಿಲ್ಲಲ್ಲಿ ಮೇಲೇರತ್ತೆ, ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಹಂಗೇ ತರಬಹುದು. ನಾನು ಬೂಚಿಂದ 2 ಸೆಂಟಿಮೀಟರ್ ಮೇಲೆ ನಿಲ್ಲಿಸ್ದೆ, ನೋಡೋಕೆ ಚೆಂದ ಇತ್ತು. ಐಸಿಗೆ ಇಟ್ಟ ಕೂಡ್ಲೇ ಇಳಿದು ಬೂಚಿನೊಳಗೆ ಮಾಯ, ಸೊನ್ನೆ ಗುರುತು ಎಲ್ಲಿ ಹಾಕೋದು? ಎರಡನೇ ಬಾಟ್ಲಿ ಮಾಡಿ 5 ಸೆಂಟಿಮೀಟರ್‌ಗೆ ನಿಲ್ಲಿಸ್ದೆ, ಆವತ್ತು ಮನೆಯೊಳಗೆ 23 ಡಿಗ್ರಿ ಇತ್ತು. ಈಗ ಐಸಲ್ಲಿ ಬೂಚಿಂದ ಒಂದು ಸೆಂಟಿಮೀಟರ್ ಮೇಲೆ ಕಾಣ್ತು. ಸರಿ.

ನವೆಂಬರ್ 9, ಭಾನುವಾರ: ಸೊನ್ನೆ ಹಾಕೋದು

ಇದು ಸುಲಭ ಅಂದ್ಕೊಂಡಿದ್ದೇ ತಪ್ಪು. ಫ್ರೀಜರಿಂದ ಐಸ್ ಕ್ಯೂಬ್ ತೆಗೆದು ಅದ್ರ ಮಧ್ಯ ಬಾಟ್ಲಿ ಸಿಗಿಸಿ ಗುರುತು ಹಾಕಿದ್ದೆ. ಅಲ್ಲಾಡಿಸಿದಾಗೆಲ್ಲ ಬೇರೆ ಬೇರೆ ಕಡೆ ನಿಲ್ತು. ಫ್ರೀಜರಿಂದ ಆಗ ತಾನೇ ಬಂದ ಐಸು ಸೊನ್ನೆಗಿಂತ ತಣ್ಣಗಿರತ್ತೆ, ಮಧ್ಯ ಗಾಳಿ ಬೇರೆ. ಐಸನ್ನ ಟವಲ್ಲಲ್ಲಿ ಸುತ್ತಿ ಲಟ್ಟಣಿಗೇಲಿ ಜಜ್ಜಿ, ನೀರು ಹಾಕಿ ಗಂಜಿ ಥರ ಮಾಡಿ, ಹತ್ತು ನಿಮಿಷ ಕಲಕ್ತಾ ಇದ್ರೆ ಮಾತ್ರ ಒಂದೇ ಕಡೆ ನಿಲ್ಲತ್ತೆ.

ಗುರುತು ಹಾಕಿ ಒಳಗೆ ಹೋಗಿ ಬರೋಷ್ಟ್ರಲ್ಲಿ ಮತ್ತೆ ಇಳಿದಿದೆ! ಲ್ಯಾಬ್ ಥರ್ಮಾಮೀಟರ್ ಮೈನಸ್ 8. ಪುಟ್ಟನ ಕೈಯಲ್ಲಿ ಉಪ್ಪಿನ ಡಬ್ಬಿ. "ಕುಲ್ಫಿ ಮಾಡೋರು ಹಾಕ್ತಾರಲ್ಲ ದೊಡ್ಡಪ್ಪ." ಬೈಯ್ಯೋಕೆ ಬಾಯಿ ತೆರೆದು ಸುಮ್ನಾದೆ, ಫ್ಯಾರನ್‌ಹೀಟ್ ಕೂಡ ತನ್ನ ಸೊನ್ನೆಗೆ ಇಟ್ಕೊಂಡಿದ್ದು ಐಸು ಉಪ್ಪಿನ ಮಿಶ್ರಣಾನೇ. ಗಂಜಿ ಚೆಲ್ಲಿ ಹೊಸದು.

ಮೇಲಿನ ಗುರುತು 40ಕ್ಕೆ, ಬಿಸಿನೀರಲ್ಲಿ ಎರಡೂ ಒಟ್ಟಿಗೆ ಇಟ್ಟು. ಸೊನ್ನೆಯಿಂದ 65 ಮಿಲಿಮೀಟರ್. ಅಂದ್ರೆ ಹತ್ತು ಡಿಗ್ರಿಗೆ 16 ಮಿಲಿಮೀಟರ್ ಚಿಲ್ಲರೆ. 20ರಲ್ಲಿ ಪರೀಕ್ಷೆ ಮಾಡಿದ್ರೆ 32. ಅರ್ಧಕ್ಕರ್ಧ! ನೀರಿನ ಥರ ಮೋಸ ಇಲ್ಲ. ಮಗಳು ಗ್ರಾಫ್ ಪೇಪರಲ್ಲಿ ಸ್ಕೇಲು ಬರೆದು 50ರ ತನಕ ಎಳೆದು ಅಂಟಿಸಿದ್ಲು, ತಲೆಕೆಳಗಾಗಿ. ಗಮ್ ಒಣಗಿದ್ಮೇಲೆ ನೋಡಿದ್ದು. ಅಳೋ ಹಂಗಾಗಿದ್ಲು, ಸೆಲ್ಸಿಯಸ್ 1742ರಲ್ಲಿ ಮೊದಲು ಮಾಡಿದ್ದೂ ಉಲ್ಟಾನೇ ಕಣೇ, ಕುದಿಯೋದಕ್ಕೆ 0, ಐಸಿಗೆ 100, ಆಮೇಲೆ ಬೇರೆಯವ್ರು ತಿರುಗಿಸಿದ್ದು ಅಂದೆ. ನಂಬಲಿಲ್ಲ, ಹುಡುಕಿ ನೋಡಿ ಆಮೇಲೆ ನಕ್ಳು.

ನವೆಂಬರ್ 16ರಿಂದ 30: ಮೇಲ್ಗಡೆ ಬಾಯಿ

ರೀಫಿಲ್ ಬಾಯಿ ತೆರೆದಿದ್ರೆ ಸ್ಪಿರಿಟ್ ಆವಿಯಾಗಿ ದಿನಕ್ಕೆ ಹತ್ತತ್ರ ಒಂದು ಮಿಲಿಮೀಟರ್ ಇಳೀತಿತ್ತು, ವಾರಕ್ಕೆ ನಾಕು ಡಿಗ್ರಿ ಸುಳ್ಳು. ಎಂಸೀಲ್ ಉಂಡೆ ಮಾಡಿ ಬಾಯಿ ಮುಚ್ಚಿದೆ. 45ರ ನೀರಿಗೆ ಇಟ್ಟಾಗ ಟಪ್ ಅಂತ ಬೂಚೇ ಎಗರ್ತು. ಸ್ಪಿರಿಟ್ ಏರಿ ಏರಿ ಮೇಲಿದ್ದ ಗಾಳೀನ ಒತ್ತಿ, ಗಾಳಿ ವಾಪಸ್ ಒತ್ತಿ, ಸಡಿಲ ಇದ್ದ ಕಡೆ ಕಿತ್ಕೊಂಡು ಬಂತು. ಮುಖದ ಹತ್ರ ಯಾರೂ ಇರಲಿಲ್ಲ, ಪುಣ್ಯ. ಇದು ನನ್ನ ಅತಿ ದೊಡ್ಡ ತಪ್ಪು, ಮಾಡೋರು ಇದೊಂದನ್ನ ನೆನಪಿಟ್ಕೊಳ್ಳಿ. ಲ್ಯಾಬ್ ಥರ್ಮಾಮೀಟರ್ ತುದೀಲಿ ಸಣ್ಣ ಗುಂಡಿ ಥರ ಜಾಗ ಬಿಟ್ಟಿರೋದು ಯಾಕೆ ಅಂತ ಮಗಳು ಆವತ್ತು ಕಂಡುಹಿಡಿದಳು.

ಮತ್ತೆ ಹೊಸ ಬಾಟ್ಲಿ, ಅಲ್ಲಿಗೆ ನಾಲ್ಕನೇದು. ಈ ಸಲ ಬಾಯಿ ಮುಚ್ಚದೆ ಸ್ಪಿರಿಟ್ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ, ಆವಿ ಆಗಲ್ಲ ಅಂತ. ಮಧ್ಯಾಹ್ನವೆಲ್ಲ ಚೆನ್ನಾಗೇ ಇತ್ತು.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ಆರೂವರೆಗೆ ನೋಡಿದ್ರೆ ಲ್ಯಾಬ್ ಥರ್ಮಾಮೀಟರ್ 15, ನಮ್ಮದು 22. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಮೇಲೇ ಅಂಟ್ಕೊಂಡು ಕೂತಿದೆ, ಸ್ಪಿರಿಟ್ ಅದ್ರ ಕೆಳಗೆ ಬಿಟ್ಟು ಇಳಿದಿದೆ, ನಾವು ಓದ್ತಾ ಇರೋದು ಎಣ್ಣೇನ. ಬಚ್ಚಲಲ್ಲಿ ಎಣ್ಣೆ ಬಾಟ್ಲಿ ಗಟ್ಟಿಯಾಗಿರೋದು ದಿನಾ ನೋಡೋನು ನಾನು, ನನಗೇ ಹೊಳೀಲಿಲ್ವಲ್ಲ. ಮಕ್ಕಳು ಬಟ್ಟಲಲ್ಲಿ ಗಟ್ಟಿ ಎಣ್ಣೆ ಇಟ್ಟು ನಿಧಾನಕ್ಕೆ ಕಾಯಿಸಿ ನೋಡಿದ್ರು, 24-25ರ ಹತ್ರ ಕರಗೋಕೆ ಶುರು. ಈಗ ಪುಟ್ಟ ಎದ್ದ ತಕ್ಷಣ ಎಣ್ಣೆ ಬಾಟ್ಲಿ ನೋಡಿ "24ಕ್ಕಿಂತ ಕಮ್ಮಿ" ಅಂತ ಕೂಗ್ತಾನೆ.

ಐದನೇ ಬಾಟ್ಲಿ, ಈಗ ಓಡ್ತಿರೋದು: ಬಾಯಿಗೆ ಎಂಸೀಲ್ ಟೊಪ್ಪಿ, ಅದು ಒಣಗೋಕೆ ಮುಂಚೆ ಗುಂಡುಪಿನ್ನಲ್ಲಿ ಒಂದು ತೂತು. ಗಾಳಿ ಓಡಾಡತ್ತೆ, ಬೂಚು ಎಗರಲ್ಲ, ಆವಿಯಾಗೋದು ವಾರಕ್ಕೆ ಒಂದು ಮಿಲಿಮೀಟರ್‌ಗೆ ಇಳೀತು. ಸ್ಕೇಲನ್ನ ಅಂಟಿಸಿಲ್ಲ, ಗ್ರಾಫ್ ಪೇಪರ್‌ನ ರಟ್ಟಿನ ಪಟ್ಟಿಗೆ ಮೆತ್ತಿ ಎರಡು ರಬ್ಬರ್‌ಬ್ಯಾಂಡಲ್ಲಿ ಸಿಗಿಸಿದೀವಿ, ಪ್ರತಿ ಭಾನುವಾರ ಐಸ್ ಗಂಜೀಲಿಟ್ಟು ಸೊನ್ನೆಗೆ ಸರಿಸಿಬಿಡೋದು. 10ರಿಂದ 40ರ ಮಧ್ಯ ಒಂದು ಡಿಗ್ರಿ ಹೆಚ್ಚುಕಮ್ಮಿಯಲ್ಲಿ ಸರಿ ತೋರಿಸ್ತಿದೆ. ಕಾಫಿ ಅಳೆಯೋಕೆ ಆಗಲ್ಲ, 50ಕ್ಕೆ ರೀಫಿಲ್ ಮುಗಿದೇ ಹೋಗತ್ತೆ. ಮಗಳು ಸ್ಕೇಲಿನ ಮೇಲ್ತುದೀಲಿ 'ಎಚ್', ಕೆಳಗೆ 'ಎಲ್' ಅಂತ ತಾನೇ ಬರೆದಿದಾಳೆ.

ಖರ್ಚು: ಥರ್ಮಾಮೀಟರ್ 130, ಸ್ಪಿರಿಟ್ 45, ಎಂಸೀಲ್ ಎರಡು ಪ್ಯಾಕೆಟ್ 40, ಫೆವಿಕ್ವಿಕ್ ಮೂರು 15. ಒಟ್ಟು 230, ಶರ್ಟು ಬಿಟ್ಟು.

ಈಗ ಸಿಕ್ಕಾಕ್ಕೊಂಡಿರೋದು: ಮೊನ್ನೆ ಪುಟ್ಟ ಸ್ಕೂಲಲ್ಲಿ ತೋರಿಸ್ತೀನಿ ಅಂತ ಬ್ಯಾಗಲ್ಲಿ ಮಲಗಿಸ್ಕೊಂಡು ಹೋಗಿದ್ದ, ನೀಲಿ ಕಂಬ ಎರಡು ತುಂಡಾಗಿ ಮಧ್ಯ ಅಕ್ಕಿಕಾಳಿನಷ್ಟು ಗಾಳಿ ಬಂದಿದೆ. ಕುಟ್ಟಿ ನೋಡಿದೆ, ಹಗ್ಗ ಕಟ್ಟಿ ಬೀಸಿ ನೋಡಿದೆ, ಜಗ್ಗಿಲ್ಲ. ನಾಳೆ ಬಿಸಿನೀರಲ್ಲಿಟ್ಟು ಆ ಗುಳ್ಳೆ ಮೇಲೆ ಬರೋ ತನಕ ಏರಿಸಿ ಸೂಜೀಲಿ ಚುಚ್ಚಬೇಕು, ಅದಕ್ಕೆ ಟೊಪ್ಪಿ ಒಡೀಬೇಕು, ಎಂಸೀಲ್ ಮುಗಿದಿದೆ.